ಗಂಧಕದ ನೀರಿನ ಸಾಲಿನಲ್ಲಿ ಮದುವೆ ಪ್ರಸ್ತಾಪ ಮಾಡುವ ಕುರಿತು

ಔಷಧ ಜಲ ಇಲಾಖೆ, ಲಾನ್ವೆರಿ ವೆಲ್ಸ್
ಸುತ್ತೋಲೆ ಸಂಖ್ಯೆ: ಔಜಇ/ಗಂಧಕ/ಪ್ರೇಮ/7/1928
ದಿನಾಂಕ: 20-8-1928

ವಿಷಯ: ಬೇಸಿಗೆ ರಜೆಗೆ ನಮ್ಮ ಬುಗ್ಗೆಯ ನೀರು ಕುಡಿಯಲು ಬರುವ ಅತಿಥಿಗಳು, ತಾವು ಬಂದ ನಿಜವಾದ ಕಾರಣವನ್ನು ಬಾಯಿಬಿಡುವುದನ್ನು ನಿಷೇಧಿಸುವ ಬಗ್ಗೆ.

ಉಲ್ಲೇಖ: ಬುಗ್ಗೆಯ ಬಳಿ ನುಡಿಸುವ ಬ್ಯಾಂಡ್ ಮೇಳದ ಮುಖ್ಯಸ್ಥರ ದೂರು (ಕಣ್ಣೀರಿನಿಂದ ಒದ್ದೆಯಾಗಿದ್ದು, ಓದಲಾಗಿರುವುದಿಲ್ಲ).

ಪ್ರಸ್ತಾವನೆ:
ಕಳೆದ ಮಂಗಳವಾರ ಬೆಳಿಗ್ಗೆ ಅತಿಥಿಗಳು ಲೋಟ ಹಿಡಿದು ಸಾಲಿನಲ್ಲಿದ್ದಾಗ, ಸ್ವಾನ್ಸಿಯ ನಿವೃತ್ತ ಟ್ರಾಮ್ ಕಂಡಕ್ಟರ್ ಶ್ರೀ ಇದ್ವಾಲ್ ಬೈನನ್ ಎಂಬುವರು, ನೀರು ಹಾಕಿಕೊಡುವ ಕುಮಾರಿ ಟೆಗ್ವೆಡ್ ಪ್ರಾಬರ್ಟ್ ಅವರಿಗೆ ಈ ಕೆಳಕಂಡಂತೆ ನುಡಿದಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ:

"ನೋಡಿ ಮಿಸ್ ಪ್ರಾಬರ್ಟ್, ನಂಗೆ ಕೀಲುನೋವು ಯಾವತ್ತೂ ಇರ್ಲಿಲ್ಲ. ವರ್ಷಾ ವರ್ಷ ಕುಂಟ್ಕೊಂಡು ಬಂದು ಈ ಕೊಳೆತ ಮೊಟ್ಟೆ ವಾಸ್ನೆ ನೀರು ಕುಡಿಯೋದು ನಿಮ್ಮನ್ನ ನೋಡೋಕೆ. ನನ್ನ ಮದ್ವೆ ಆಗ್ತೀರಾ?"

ಆಗ ಕುಮಾರಿಯವರು ಹಿಡಿದಿದ್ದ ಲೋಟ ತುಂಬಿ ನೀರು ಚೆಲ್ಲಿದ್ದು ನಲ್ಲಿಯ ದೋಷದಿಂದಲ್ಲ, ಸಂತೋಷದಿಂದ ಎಂದು ಇಲಾಖೆಯ ಇಂಜಿನಿಯರರು ದೃಢೀಕರಿಸಿರುತ್ತಾರೆ. ಅವರ ಉತ್ತರ:

"ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತೇನ್ರೀ? ಕುಂಟೋ ಕಾಲು ಪ್ರತಿ ಸಲ ಬದಲಾಗ್ತಿದ್ದಾಗ್ಲೇ ನಂಗೆ ಗೊತ್ತಾಗಿತ್ತು!"

ಇದರಿಂದ ಧೈರ್ಯಗೊಂಡ, ಅದೇ ಸಾಲಿನಲ್ಲಿದ್ದ ಅತಿಥಿ ಶ್ರೀಮತಿ ಮ್ಯಾಡಕ್ಸ್ ಅವರು, "ನಂಗೂ ಯಾವ ಕಾಯ್ಲೆನೂ ಇಲ್ಲ, ಅತ್ತೆ ಕಾಟ ತಡೀಲಾರ್ದೆ ಬಂದೆ" ಎಂದಿದ್ದು, ಸಾಲಿನ ಹಿಂದಿನಿಂದ "ನಾನೂ ನಿನ್ನ ಕಾಟಕ್ಕೇ ಕಣೇ ಬಂದಿರೋದು!" ಎಂಬ ಅತ್ತೆಯವರ ಧ್ವನಿ ಕೇಳಿಬಂದಿರುತ್ತದೆ. ಅನಂತರ ನಡೆದ ವಿಚಾರಣೆಯಲ್ಲಿ, ನೀರಿಗಾಗಿ ಬಂದವರು ಯಾರೂ ಇಲ್ಲವೆಂದು ತಿಳಿದುಬಂದಿದೆ.

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಅತಿಥಿಗಳೆಲ್ಲರಿಗೂ ಒಂದಾದರೂ ಕಾಯಿಲೆ ಇರತಕ್ಕದ್ದು. ಇಲ್ಲದವರು ಕಚೇರಿಯಿಂದ ಎರವಲು ಪಡೆದು, ಹೊರಡುವಾಗ ಸುಸ್ಥಿತಿಯಲ್ಲಿ ಹಿಂತಿರುಗಿಸತಕ್ಕದ್ದು.

2. ಕುಂಟುವವರು ಒಂದೇ ಕಾಲಿನಲ್ಲಿ ಕುಂಟತಕ್ಕದ್ದು. ಕಾಲು ಬದಲಾವಣೆಗೆ ಪೂರ್ವಾನುಮತಿ ಕಡ್ಡಾಯ.

3. ನೀರು ಕುಡಿದು ಮುಖ ಕಿವಿಚುವವರು ಬೆಟ್ಟದ ಕಡೆ ತಿರುಗಿಕೊಳ್ಳತಕ್ಕದ್ದು. ಕುರಿಗಳು ಬೆದರಿದಲ್ಲಿ ಇಲಾಖೆ ಹೊಣೆಯಲ್ಲ.

4. ಪ್ರೇಮವನ್ನು ಇನ್ನು ಮುಂದೆ ಕೀಲುನೋವೆಂದೇ ಪರಿಗಣಿಸಲಾಗುವುದು. ಅದನ್ನು ಬ್ಯಾಂಡ್ ಜೋರಾಗಿ ನುಡಿಯುವಾಗ ಮಾತ್ರ, ಯಾರಿಗೂ ಕೇಳಿಸದಂತೆ, ಸಂಬಂಧಪಟ್ಟವರಿಗೂ ಕೇಳಿಸದಂತೆ ನಿವೇದಿಸತಕ್ಕದ್ದು.

5. ಅತ್ತೆಯವರಿಗೆ ಗಂಧಕದ ಬುಗ್ಗೆ, ಸೊಸೆಯರಿಗೆ ಉಪ್ಪಿನ ಬುಗ್ಗೆ ನಿಗದಿಪಡಿಸಲಾಗಿದೆ. ಏಕಕಾಲದಲ್ಲಿ ಗುಣವಾಗುವಂತಿಲ್ಲ.

6. ಕುಮಾರಿ ಪ್ರಾಬರ್ಟ್ ಅವರು ಏಪ್ರನ್ ಬಿಚ್ಚಿ ಈ ಕೆಳಗೆ ಸಹಿ ಮಾಡಿರುವವರ ಕೊರಳಿಗೆ ಹಾಕಿ, ಶ್ರೀ ಬೈನನ್ ಅವರ ತೋಳು ಹಿಡಿದು ಸಮುದ್ರತೀರದ ರೈಲು ಹತ್ತಿರುತ್ತಾರೆ. ಬೀಳ್ಕೊಡಲು ಹೋದ ಅತಿಥಿಗಳೆಲ್ಲರೂ "ನಾವೂ ಸಮುದ್ರ ನೋಡಿ ಬರೋಣ" ಎಂದು ಅದೇ ರೈಲು ಹತ್ತಿದ್ದು, ಇದುವರೆಗೆ ಮರಳಿರುವುದಿಲ್ಲ. ಈ ನಿಯಮಗಳನ್ನು ಪಾಲಿಸಲು ಊರಿನಲ್ಲಿ ಸದ್ಯ ಯಾರೂ ಇಲ್ಲದ ಕಾರಣ, ಸಿಬ್ಬಂದಿಯವರೇ ಸರದಿಯಂತೆ ಉಲ್ಲಂಘಿಸತಕ್ಕದ್ದು.

ಸಹಿ/-
ಗ್ರಿಫಿತ್ ವಾಟ್ಕಿನ್
ಕಾರ್ಯದರ್ಶಿ ಹಾಗೂ ಪ್ರಭಾರ ನೀರು ಹಾಕಿಕೊಡುವವರು

ಪ್ರತಿ:
ಸ್ಟೇಷನ್ ಮಾಸ್ಟರ್ ಅವರಿಗೆ, ಹೊರಡುವ ರೈಲುಗಳನ್ನು ಆದಷ್ಟು ತಡಮಾಡುವ ಕೋರಿಕೆಯೊಂದಿಗೆ.
ಸಮುದ್ರಕ್ಕೆ, ಎಚ್ಚರಿಕೆಗಾಗಿ.
ಬ್ಯಾಂಡ್ ಮೇಳಕ್ಕೆ, ಕುರಿಗಳ ಮುಂದೆ ನುಡಿಸುವ ಸಲುವಾಗಿ.
ಶ್ರೀಮತಿ ಟೆಗ್ವೆಡ್ ಬೈನನ್ ಅವರಿಗೆ, ಶುಭಾಶಯಗಳೊಂದಿಗೆ. ಸೆಪ್ಟೆಂಬರಿನಲ್ಲಾದರೂ ಇಬ್ಬರೂ ಬರುವುದು. ನೀರು ಕುಡಿಯುವುದು ಕಡ್ಡಾಯವಲ್ಲ.