ಎದುರಿನಿಂದ ಬಂದ ‘ಬಾ’

ಶುಕ್ರವಾರ, ಡಿಸೆಂಬರ್ ಹನ್ನೆರಡು. ಬರೆಯಲು ಕೂತದ್ದು ಮಧ್ಯಾಹ್ನ ಎರಡು ಹತ್ತಕ್ಕೆ, ಕೊಲ್ಲಿ ದೇಶದ ಖೈತಾನಿನ ರೂಮಿನಲ್ಲಿ.

ಎಲ್ಲವನ್ನೂ ಬರೆದಿಡುವುದು ನನ್ನ ಚಟ. ಬಸ್ಸು ಎಷ್ಟು ನಿಮಿಷ ತಡ, ರೂಮಿನವರು ನನ್ನ ಶ್ಯಾಂಪೂ ಎಷ್ಟು ಸಲ ಕದ್ದರು, ಎಲ್ಲಕ್ಕೂ ಗೆರೆ ಹಾಕಿದ ಪುಟಗಳಿವೆ. ಇದರಿಂದ ಉಪಕಾರವಾದದ್ದೇನೂ ಇಲ್ಲ. ಶ್ಯಾಂಪೂ ಈಗಲೂ ಖಾಲಿಯಾಗುತ್ತಿದೆ. ಆದರೆ ಒಂದು ಪುಟವನ್ನು ಹಾಡಹಗಲಲ್ಲಿ ತೆರೆಯಲಿಕ್ಕೂ ಈಚೆಗೆ ಮೈ ಜುಮ್ಮೆನ್ನುತ್ತದೆ. ಅದರ ತಲೆಬರಹ ‘ಭರವಸೆಯ ಆಟಗಾರರು’.

ಶುವೈಖ್‌ನಲ್ಲಿ ನಮ್ಮದು ವಾಹನಗಳ ಬಿಡಿಭಾಗದ ಗೋದಾಮು. ಮ್ಯಾನೇಜರ್ ಅಬು ತಾರಿಕ್ ಅಮೆರಿಕದಲ್ಲಿ ಓದಿದವರು. ಅಲ್ಲಿಂದ ತಂದದ್ದು ಒಂದು ಪದವಿ ಮತ್ತು ಬೇಸ್‌ಬಾಲಿನ ಹುಚ್ಚು. ನಮ್ಮ ಕರಾವಳಿಯ ಹುಡುಗರು ಟೆನಿಸ್ ಚೆಂಡನ್ನು ಬಾರಿಸುವುದನ್ನು ನೋಡಿದ ಮೇಲೆ, ಚಳಿಗಾಲಕ್ಕೆ ಇಬ್ಬರಂತೆ ಹೊರಗಿನ ಯಾರ್ಡಿನಿಂದ ಆರಿಸಿ ಕಂಪನಿಯ ತಂಡಕ್ಕೆ ಹಾಕತೊಡಗಿದರು. ಷರತ್ತು ಒಂದೇ: “ಪಂದ್ಯದಲ್ಲಿ ಮೊದಲ ಬೇಸ್ ಮುಟ್ಟು. ಯಾರ್ಡ್ ಖಲಾಸ್, ಸ್ಟೋರ್ ಒಳಗೆ ಬಾ.” ಜುಲೈ ಬಿಸಿಲಿನಲ್ಲಿ ಕಂಟೇನರ್ ಇಳಿಸುವವನಿಗೆ ಸ್ಟೋರಿನ ಎಸಿ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಂಕ ಬರೆಯುವ ಕೆಲಸ ನನ್ನದು.

ಮೂರನೆಯ ಚಳಿಗಾಲ ಇದು. ಈತನಕ ಐವರು ಬಂದರು. ಅಭ್ಯಾಸದಲ್ಲಿ ಎಲ್ಲರೂ ಹುಲಿಗಳೇ. ಪಂದ್ಯದಲ್ಲಿಯೂ ಚೆಂಡನ್ನು ಸೊಗಸಾಗಿಯೇ ಹೊಡೆದರು. ಆಮೇಲೆ ಬ್ಯಾಟು ಬಿಸಾಡಿ ಬಲಗಡೆಯ ಮೊದಲ ಬೇಸಿನ ಚೌಕಕ್ಕೆ ಓಡುವುದು ಬಿಟ್ಟು, ಕ್ರಿಕೆಟ್ಟಿನ ಹಾಗೆ ಬ್ಯಾಟು ಹಿಡಿದುಕೊಂಡೇ ನೇರ ಎದುರಿಗೆ ಓಡಿ, ಚೆಂಡು ಎಸೆಯುವವನ ಕಾಲ ಬುಡದಲ್ಲಿ ಬ್ಯಾಟು ಊರಿದರು. ಎದುರಾಳಿ ತಂಡಕ್ಕೆ ಚೆಂಡೆಸೆಯುವ ಫಿಲಿಪೀನ್ಸಿನ ಜುನ್, ಮೊದಲನೆಯವನು ಅಭಿನಂದಿಸಲು ಬಂದನೆಂದು ತಿಳಿದು ಅಪ್ಪಿಕೊಂಡಿದ್ದ.

ಹಳೆಯ ಅಭ್ಯಾಸ ಎಂದು ನಕ್ಕುಬಿಡಬಹುದಿತ್ತು. ಆದರೆ ನಾನು ಐವರನ್ನೂ ಬೇರೆ ಬೇರೆಯಾಗಿ ವಿಚಾರಿಸಿ ಬರೆದುಕೊಂಡಿದ್ದೇನೆ. ಐವರದ್ದೂ ಒಂದೇ ಉತ್ತರ: ಎದುರಿನಿಂದ ಯಾರೋ ‘ಬಾ’ ಎಂದರು. ಕ್ರಿಕೆಟ್ಟಿನಲ್ಲಾದರೆ ಎದುರು ತುದಿಯಲ್ಲಿ ಜೊತೆಗಾರನಿರುತ್ತಾನೆ, ಕರೆಯುತ್ತಾನೆ. ಇಲ್ಲಿ ಎದುರಿಗಿರುವುದು ಜುನ್ ಒಬ್ಬನೇ. ಅವನಿಗೆ ಬರುವ ಕನ್ನಡ ‘ಊಟ ಆಯ್ತಾ’ ಮಾತ್ರ.

ನಾಯಕ ರೋನಿ ಅಂಕಲ್ ತಪ್ಪನ್ನು ನನ್ನ ಮೇಲೆಯೇ ಹೊರಿಸಿದರು. “ನೀನು ಹೆಸರು ಬರೆದದ್ದೇ, ಹುಡುಗ ಮುಗಿದ ಮಾರಾಯ! ಆ ಪೆನ್ಸಿಲನ್ನು ಸಮುದ್ರಕ್ಕೆ ಬಿಸಾಡು.”

ಆರನೆಯವನು ಪಡುಬಿದ್ರಿಯ ಸುಧೀರ. ಯಾರ್ಡಿನಲ್ಲಿ ಎರಡು ವರ್ಷ ಭಾರ ಹೊತ್ತು, ಈಗ ಅಂಗಿಯೊಳಗೆ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬರುತ್ತಾನೆ. “ಈ ಸಲ ಆಗದಿದ್ರೆ ಊರಿಗೆ ಹೋಗುದೇ ಅಣ್ಣ. ಸೊಂಟ ಕೇಳುದಿಲ್ಲ,” ಎಂದಿದ್ದ. ಹದಿನಾಲ್ಕು ದಿನ ಅವನನ್ನು ಮೊದಲ ಬೇಸಿಗೆ ಓಡಿಸಿದೆವು. ನನ್ನ ಲೆಕ್ಕದಲ್ಲಿ ಇನ್ನೂರ ಹತ್ತು ಓಟ, ತಪ್ಪು ಸೊನ್ನೆ.

ಇವತ್ತು ಬೆಳಿಗ್ಗೆ ಪಂದ್ಯ. ಅಪ್ಪಿತಪ್ಪಿ ನಾನೇ ‘ಬಾ’ ಎಂದು ಗೊಣಗಿಬಿಟ್ಟೇನೆಂದು ಬಾಯಿಗೆ ಎರಡು ಖರ್ಜೂರ ತುಂಬಿಕೊಂಡು ಕೂತೆ. ಎರಡನೆಯ ಚೆಂಡಿಗೇ ಸುಧೀರ ಬಾರಿಸಿದ. ಚೆಂಡು ಎಷ್ಟು ಮೇಲೆ ಹೋಯಿತೆಂದರೆ ಎಲ್ಲರೂ ತಲೆ ಎತ್ತಿದರು. ತಲೆ ಇಳಿಸುವಾಗ ಅವನು ಜುನ್‌ನ ಮುಂದೆ ಬ್ಯಾಟು ಊರಿ ಬಗ್ಗಿ ನಿಂತಿದ್ದ.

“ಓ ದೇವಾ!” ಎಂದರು ರೋನಿ ಅಂಕಲ್. ಅಬು ತಾರಿಕ್ ಕಪ್ಪು ಕನ್ನಡಕ ಹಾಕಿಕೊಂಡು ಕಾರಿನತ್ತ ನಡೆದರು.

ಸುಧೀರ ನನ್ನ ಬಳಿ ಬಂದ. ಯಾರ ಸ್ವರ ಕೇಳಿತೆಂದು ಸನ್ನೆಯಲ್ಲೇ ಕೇಳಿದೆ.

“ತಮಾಷೆ ಮಾಡ್ಬೇಡಿ ಅಣ್ಣ. ನೀವೇ ಅಲ್ವಾ ಕರೆದದ್ದು?”

ಬಾಯಿ ತೆರೆದು ತೋರಿಸಿದೆ. ಎರಡು ಖರ್ಜೂರವೂ ಇಡಿಯಾಗಿದ್ದವು. ಅವನು ನೋಡಿದ; ನಂಬಲಿಲ್ಲ. ಊರಿಗೆ ಟಿಕೆಟ್ ಕೇಳಲು ನಾಳೆ ಆಫೀಸಿಗೆ ಬರುತ್ತಾನಂತೆ.

ಯಾವ ಪುಟದಲ್ಲೂ ಬರೆಯದ ಒಂದು ಸಂಗತಿ ಇದೆ. ಸ್ಟೋರಿನ ಒಳಗೆ ಕುರ್ಚಿ ಇರುವುದು ಒಂದೇ. ಅದರಲ್ಲಿ ಕೂರುವವನು ನಾನು. ಯಾರಾದರೂ ಬೇಸ್ ಮುಟ್ಟಿದ ದಿನ ನಾನು ಯಾರ್ಡಿಗೆ ಎಂದು ಅಬು ತಾರಿಕ್ ಮೊದಲೇ ಹೇಳಿದ್ದರು.

ಹೀಗೆ ಎದುರಿಗೆ ಓಡಿದವರು ಇದನ್ನು ಓದುವ ನಿಮ್ಮಲ್ಲಿ ಯಾರಾದರೂ ಇದ್ದರೆ, ಕೇಳಿದ ಸ್ವರ ಯಾರದ್ದೆಂದು ದಯವಿಟ್ಟು ಬರೆದು ತಿಳಿಸಿ. ನನ್ನದಲ್ಲ ಎಂದಾದರೆ ಸ್ವಲ್ಪ ಬೇಗ ಬರೆಯಿರಿ.