ಕಾಶಿಯಲ್ಲಿ ಅಕ್ಕ ಬಿಡಿಸಿದ್ದು

ಕಾಶಿಗೆ ಬಂದವರ ಪಾಪ ತೊಳೆಯುವುದು ಗಂಗೆಯ ಕೆಲಸ. ಅವರ ಚೀಲ ತಪಾಸಣೆ ಮಾಡುವುದು ನಮ್ಮಕ್ಕನ ಕೆಲಸ! ಇವೆರಡರಲ್ಲಿ ಯಾವುದು ಹೆಚ್ಚು ಕಠಿಣ ಎಂದು ಯಾತ್ರಿಕರನ್ನೇ ಕೇಳಬೇಕು.

ನಾನು ಇಲ್ಲಿನ ಕನ್ನಡದ ಮಠವೊಂದರಲ್ಲಿ ಯಾತ್ರಿಕರಿಗೆ ಕೋಣೆ ತೋರಿಸುವವನು. ಅಕ್ಕ ಹಾವೇರಿಯ ಕಡೆ ಶಾಲಾ ಶಿಕ್ಷಕಿಯಾಗಿದ್ದವಳು, ನಿವೃತ್ತಳಾಗಿ ಭೇಲೂಪುರದ ನನ್ನ ಬಾಡಿಗೆ ಮನೆಗೆ ಬಂದಳು. ಆ ವಯಸ್ಸಿನವರೆಲ್ಲ ಶಿವ ಶಿವ ಎನ್ನಲು ಕಾಶಿಗೆ ಬಂದರೆ ಇವಳು ತಿಂಗಳೊಳಗೆ ಮಠದ ಯಾತ್ರಿಕರಿಗೆ ಪರಿಸರ ಪ್ರವಾಸ ಶುರು ಮಾಡಿದಳು. ಹಾಗೆಂದರೇನು? ನಾನೂ ಕೇಳಿದ್ದೆ.

"ಊರು ನೋಡಬೇಕು, ಊರಿಗೆ ತ್ರಾಸ ಕೊಡಬಾರದು. ಇಲ್ಲಿನ ಬಡವರ ಮನಿ ಒಲಿ ಉರೀಬೇಕು. ಇಷ್ಟ ನೋಡು ಇಕೋ ಟೂರಿಸಂ. ತಿಳೀತೇನೋ ತಮ್ಮಾ?"

ತಿಳಿಯಿತು. ಆದರೆ ಅಕ್ಕನ ಕೈಯಲ್ಲಿ ಅದು ಮಿಲಿಟರಿ ತರಬೇತಿಯಾಯಿತು! ಸೋನಾರ್‌ಪುರದ ರಸ್ತೆಯಿಂದ ಗಂಗೆಯ ಘಾಟಿಗೆ ರಿಕ್ಷಾ ಇಲ್ಲ, ನಡಿಗೆ. ಗಂಗೆಯಲ್ಲಿ ಸೋಪು ಹಚ್ಚುವಂತಿಲ್ಲ, ಎಲ್ಲರ ಸೋಪೂ ಜಪ್ತಿ. ಹಿಂದಿರುಗಿಸುವಾಗ ಯಾವುದು ಯಾರದೆಂದು ತಿಳಿಯದೆ, ಗಂಧದ ಸೋಪು ಕೊಟ್ಟ ಒಬ್ಬಾಕೆ ಬಟ್ಟೆ ಸೋಪು ಹಿಡಿದು ಊರಿಗೆ ಹೋದಳು.

ಕಾಶಿಯಲ್ಲಿ ತಿನ್ನುವ ಪದಾರ್ಥವೊಂದನ್ನು ಬಿಟ್ಟುಬರುವ ಪದ್ಧತಿ ಇದೆಯಲ್ಲ? ಒಬ್ಬ ಸಾಹುಕಾರರು ನೀರಲ್ಲಿ ನಿಂತು ಕೈಮುಗಿದರು. "ಹಾಗಲಕಾಯಿ ಬಿಟ್ಟೆನ್ರಿ."

"ಯಾವಾಗ ತಿಂತಿದ್ರಿ?" ಎಂದಳು ಅಕ್ಕ.

"ತಿಂತಿದ್ದಿಲ್ಲರಿ."

"ಮತ್ತ ಬಿಡೂದೇನು? ದಿನಾ ಹತ್ತು ಸಲ ಕೊಳ್ಳೂ ಪ್ಲಾಸ್ಟಿಕ್ ಬಾಟ್ಲಿ ಬಿಡ್ರಿ!"

ಸಂಕಲ್ಪ ಹೇಳಿಸುತ್ತಿದ್ದ ಮಠದ ಅಯ್ಯನವರು ಪ್ಲಾಸ್ಟಿಕ್ ಬಾಟ್ಲಿಗೆ ಸಂಸ್ಕೃತ ಸಿಗದೆ ಕಕ್ಕಾಬಿಕ್ಕಿಯಾದರು. ಹೇಗೋ ಮುಗಿಸಿದರು. ಗಂಟೆಯೊಳಗೆ ಸಾಹುಕಾರರಿಗೆ ಬಾಯಾರಿತು. ಅಂಗಡಿಯತ್ತ ಕೈ ಚಾಚಿದ್ದೇ ತಡ, ಅವರ ಹೆಂಡತಿ ಕೂಗಿದರು: "ಅಯ್ಯ, ಗಂಗವ್ವನ ಮುಂದ ಆಣಿ ಮಾಡೀರಿ!"

ಸಂಜೆ ಸಾಹುಕಾರರು ಒಣಗಿದ ಗಂಟಲಲ್ಲೇ ದೂರು ಕೊಟ್ಟರು. ಮಠದ ಸ್ವಾಮಿಗಳು ಅಕ್ಕನನ್ನು ಕರೆಸಿ, "ತಾಯಿ, ಇನ್ನೊಂದು ದೂರು ಬಂದ್ರ ನಿಮ್ಮ ಪ್ರವಾಸ ಬಂದ್" ಎಂದರು. ಅಕ್ಕ ಎರಡು ದಿನ ಯಾರ ಚೀಲವನ್ನೂ ಮುಟ್ಟಲಿಲ್ಲ. ನನ್ನನ್ನು ಸಹ ಬೈಯಲಿಲ್ಲ! ಇದು ಅವಳಿಗೆ ಆಟವಲ್ಲ ಎಂದು ನನಗೆ ತಿಳಿದದ್ದು ಆಗಲೇ.

ಮೂರನೆಯ ದಿನ ಗದಗದ ಕಡೆಯ ಹನ್ನೆರಡು ಹೆಂಗಸರು ಬಂದರು. ದೋಣಿಯವನು, "ಮಾತಾಜೀ, ಆಜ್ ಹವಾ ತೇಜ್ ಹೈ, ಮೋಟರ್ ವಾಲಿ ಲೇ ಲೀಜಿಯೇ" ಎಂದ. ಗಾಳಿ ಜೋರಿದೆ, ಮೋಟಾರ್ ದೋಣಿ ತಗೊಳ್ಳಿ ಎಂದು.

"ನಹೀಂ ಭಯ್ಯಾ! ಮಛ್ಲೀ ಕೋ ತಕಲೀಫ್!" ಎಂದಳು ಅಕ್ಕ. ಮೋಟಾರಿನಿಂದ ಮೀನಿಗೆ ತೊಂದರೆಯಂತೆ!

ಎದುರು ಗಾಳಿಗೆ ದೋಣಿ ಮುಂದೆ ಹೋಗುವ ಬದಲು ಹಿಂದಕ್ಕೆ ಹೊರಟಿತು. ಅಕ್ಕ ಬಿಡುತ್ತಾಳೆಯೇ? ಯಾತ್ರಿಕರನ್ನೇ ಸರದಿಯ ಮೇಲೆ ಹುಟ್ಟು ಹಾಕಲು ಕೂರಿಸಿದಳು! ಎಪ್ಪತ್ತರ ಅಜ್ಜಿಯೊಬ್ಬಳು ಏದುಸಿರು ಬಿಡುತ್ತ, "ಯವ್ವಾ, ಗಂಗವ್ವನ್ನ ಕಾಣಾಕ ಬಂದ್ರ ಗಾಣಕ್ಕ ಹೂಡಿದೆಲ್ಲ!" ಎಂದಳು. ಆ ಕೂಗು ದಡದಲ್ಲಿದ್ದ ನನಗೂ ಕೇಳಿಸಿತು; ಇನ್ನೊಂದು ದೂರು ಖಂಡಿತ ಎಂದುಕೊಂಡೆ.

ಇಳಿದವರೇ ಸೀದಾ ಮಠಕ್ಕೆ ನಡೆದರು. ಅಜ್ಜಿ ಸ್ವಾಮಿಗಳ ಮುಂದೆ ನಿಂತು, "ಬುದ್ಧಿ, ಒಂದು ಮಾತು ಹೇಳೂದೈತ್ರಿ" ಎಂದಳು. ಅಕ್ಕ ನನ್ನ ಬೆನ್ನ ಹಿಂದೆ ಸರಿದು ಅಂಗಿ ಹಿಡಿದುಕೊಂಡಳು.

"ನಾಳಿಗೂ ಈಕಿನ್ನ ಕಳಸ್ರಿ. ಇವತ್ತ ಎಡಗೈ ಅಷ್ಟ ನೋಯಾಕತ್ತೈತಿ. ಬಲಗೈ ಇನ್ನೂ ಉಳದೈತಿ!"

ಸ್ವಾಮಿಗಳು ನಕ್ಕರು. ಅಕ್ಕನ ಪ್ರವಾಸ ಉಳಿಯಿತು. ಮರುದಿನವೇ ಚೀಲ ತಪಾಸಣೆಯೂ ಶುರು.

ಈ ಚಳಿಗಾಲದಲ್ಲಿ ಅಕ್ಕ ಹೋದಳು. ಮೂರು ದಿನದ ಜ್ವರ, ಅಷ್ಟೇ.

ಪ್ರವಾಸ ನಿಲ್ಲಿಸಲೇ ಎಂದು ಸ್ವಾಮಿಗಳನ್ನು ಕೇಳಿದೆ. "ಯಾರೂ ದೂರು ಕೊಟ್ಟಿಲ್ಲಲ್ಲಪ್ಪಾ" ಎಂದರು.

ನಿನ್ನೆ ಏಳು ಜನರನ್ನು ಕರೆದುಕೊಂಡು ಹೋದೆ. ಎಲ್ಲರೂ ದೋಣಿ ಹತ್ತಿ ಕುಳಿತರು. ದೋಣಿಯವನು ಹಗ್ಗಕ್ಕೆ ಕೈ ಹಾಕಿ ಸುಮ್ಮನೆ ನಿಂತ. ಅಕ್ಕನ ಗದರಿಕೆ ಕೇಳದೆ ಹಗ್ಗ ಬಿಚ್ಚಿ ಅವನಿಗೆ ಅಭ್ಯಾಸವಿಲ್ಲ. ನಾನೇ "ಚಲೋ, ಭಯ್ಯಾ" ಎಂದೆ. ಅವನಿಗೆ ಕೇಳಿಸಿತು. ಆದರೂ ಮೆಟ್ಟಿಲುಗಳ ಕಡೆ ನೋಡುತ್ತ ಇನ್ನೊಂದು ಕ್ಷಣ ಕಾದ.

ನಾನೂ ಕಾದೆ.