ಮಧ್ಯಾಹ್ನ ಸದ್ದು ಮಾಡುವ ಕೀಬೋರ್ಡು

ಹಳೆಯ ಸಾಮಾನು ಮನೆಗೆ ತರುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಆಗುವಾಗ ಮೈ ಝುಮ್ಮೆನ್ನುತ್ತದೆ, ನಾಲ್ಕು ದಿನ ಕಳೆದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ನಡುವಿನ ಆ ನಾಲ್ಕು ದಿನ ದಾಟಿಸುವುದು ಮಾತ್ರ ಭಗವಂತನ ಕೆಲಸ.

ರಾಯದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಬೆಳಿಗ್ಗೆ ಪೂಜೆ ಮುಗಿಸದೆ ಷಟರ್ ಎತ್ತುವವನಲ್ಲ. ಬೀಡಿ ಇಲ್ಲ, ಎಲೆಅಡಿಕೆ ಇಲ್ಲ. ಇರುವ ಚಟ ಒಂದೇ, ಹಳೆಯ ಕೀಬೋರ್ಡು ಕೂಡಿಸುವುದು. ಈಗಿನವನ್ನು ಒತ್ತಿದರೆ ತಂಗಳು ಮುದ್ದೆ ಒತ್ತಿದ ಹಾಗೆ, ಬೆರಳಿಗೂ ಗೊತ್ತಾಗುವುದಿಲ್ಲ, ಕಿವಿಗೂ ಗೊತ್ತಾಗುವುದಿಲ್ಲ. ಆ ಕಾಲದವುಗಳಲ್ಲಿ ಒಂದೊಂದು ಕೀಯ ಕೆಳಗೂ ಒಂದೊಂದು ಸ್ಪ್ರಿಂಗು. ಒತ್ತಿದರೆ ಅರ್ಧ ದಾರಿಯಲ್ಲಿ ಸಣ್ಣದೊಂದು ತಡೆ, ಆಮೇಲೆ ಟಕ್. ಆ ಟಕ್ಕಿಗೆ ಸೋತವರು ನಾವು ಒಂದಷ್ಟು ಜನ ಫೋನಿನಲ್ಲಿ ಗುಂಪು ಮಾಡಿಕೊಂಡಿದ್ದೇವೆ. ಉಳಿದವರು ಬೆಳಿಗ್ಗೆ ಎದ್ದು ಹೂವಿನ ಚಿತ್ರ ಕಳಿಸಿದರೆ ನಾವು ಟಕ್ ಟಕ್ ಸದ್ದನ್ನು ಕಳಿಸಿಕೊಳ್ಳುತ್ತೇವೆ. ನಮ್ಮ ಮನೆಯವಳು ಒಮ್ಮೆ ಅದನ್ನು ಕೇಳಿಸಿಕೊಂಡು, ಯಾರದೋ ಹಲ್ಲು ಕಟಕಟ ಅನ್ನುತ್ತಿದೆ, ಡಾಕ್ಟರಿಗೆ ತೋರಿಸಲು ಹೇಳಿ ಅಂದಿದ್ದಳು.

೧. ಒಂದೂವರೆ ಟಿಕೆಟ್ಟು

ಆ ಗುಂಪಿನಲ್ಲಿ ಮಡಕಶಿರಾದ ಮೇಷ್ಟ್ರೊಬ್ಬರಿದ್ದಾರೆ. ಒಂದು ದಿನ ಅವರ ಫೋನು ಬಂತು. ಅವರ ಬೀದಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದ ಹಿರಿಯರೊಬ್ಬರು ತೀರಿಕೊಂಡಿದ್ದರಂತೆ. ಕೊನೆಯುಸಿರೆಳೆದದ್ದೂ ತಮ್ಮ ಹಳೆಯ ಕೀಬೋರ್ಡಿನ ಮುಂದೆ ಕೂತೇ. ಮನೆಯವರು ಅದನ್ನು ಮುಟ್ಟಲು ಹೆದರುತ್ತಿದ್ದರು.

"ನಿಮ್ಮಂಗೆ ದೈವಭಕ್ತಿ ಇರೋರೇ ತಗಂಡು ಹೋಗ್ಬೇಕು ಸ್ವಾಮಿ," ಅಂದರು ಮೇಷ್ಟ್ರು. "ನಮ್ಮನೇಗೆ ತಂದಿಕ್ಕಣಾ ಅಂದ್ರೆ ನಮ್ಮೆಂಗಸ್ರು ನನ್ನೇ ಆಚಿಗೆ ಹಾಕ್ತಾರೆ."

ನಾನು ಹೋದೆ. ಮನೆಯವರು ಅದನ್ನು ಹೊಸ ಬಿಳಿ ಪಂಚೆಯಲ್ಲಿ ಸುತ್ತಿ, ಮೇಲೆ ಅರಿಶಿನ ಕುಂಕುಮ ಹಾಕಿ, ಕಣ್ಣೀರಿಟ್ಟು ನನ್ನ ಕೈಗೆ ಕೊಟ್ಟರು. ಒಂದು ಮೊಳಕ್ಕಿಂತ ಸ್ವಲ್ಪ ಉದ್ದ, ಎರಡು ಕೆಜಿಯ ಮೇಲೆ ಭಾರ. ತೊಡೆಯ ಮೇಲೆ ಮಲಗಿಸಿಕೊಂಡು ಊರಿಗೆ ವಾಪಸಾಗಲು ಅಮರಾಪುರದ ಬಸ್ಸಿನಲ್ಲಿ ಕೂತೆ. ಹೋದವರ ಆತ್ಮಕ್ಕೆ ಶಾಂತಿ ಸಿಗಲೆಂದು ಕಣ್ಣು ಮುಚ್ಚಿ ರಾಮನಾಮ ಹೇಳಿಕೊಳ್ಳುತ್ತಿದ್ದೆ.

ಕಣ್ಣು ಬಿಟ್ಟಾಗ ಬಸ್ಸಿನಲ್ಲಿ ಒಂದು ಮಾತಿಲ್ಲ. ಡ್ರೈವರು ಹಾಡು ನಿಲ್ಲಿಸಿದ್ದ. ಪಕ್ಕದಲ್ಲಿದ್ದ ಹಣ್ಣುಹಣ್ಣು ಮುದುಕಿ ತನ್ನ ತಲೆಯ ಕನಕಾಂಬರ ತೆಗೆದು ಪಂಚೆಯ ಮೇಲಿಟ್ಟಳು.

"ಎಷ್ಟು ತಿಂಗ್ಳುದು ಸಾಮಿ?" ಅಂದಳು, ಮೆಲ್ಲಗೆ.

ಇವಳಿಗೂ ಕೀಬೋರ್ಡಿನ ಮೇಲೆ ಆಸಕ್ತಿ ಇದೆಯಲ್ಲಾ ಎಂದು ನನಗೆ ಖುಷಿಯಾಯಿತು. "ತಿಂಗಳಲ್ಲಮ್ಮ, ಮೂವತ್ತು ವರ್ಷದ್ದು," ಅಂದೆ. "ಮನೆಗೆ ಒಯ್ದು ಎಲ್ಲಾ ಬಿಚ್ಚಿ, ಸೋಪಿನ ನೀರಾಗ ತೊಳೆದು, ಬಿಸಿಲಿಗೆ ಒಣಗಿಸಿದರ ಮತ್ತ ಸದ್ದು ಮಾಡ್ತದ."

ಮುದುಕಿ ಎದ್ದು ಹಿಂದಿನ ಸೀಟಿಗೆ ಹೋದಳು. ಅವಳ ಹಿಂದೆ ಅಕ್ಕಪಕ್ಕದವರೂ ಹೋದರು. ಅರ್ಧ ಬಸ್ಸು ನನ್ನೊಬ್ಬನದೇ ಆಯಿತು. ಕಂಡಕ್ಟರು ಹತ್ತಿರ ಬರಲೊಲ್ಲ. ಟಿಕೆಟ್ಟಿಲ್ಲದೆ ಪ್ರಯಾಣ ಮಾಡುವುದು ಪಾಪವೆಂದು ನಾನೇ ಕೈಮಾಡಿ ಕರೆದೆ. ಅವನು ನಾಲ್ಕು ಸೀಟಿನಾಚೆ ನಿಂತು, ಬಿಳಿ ಪಂಚೆಯನ್ನೇ ನೋಡುತ್ತಾ ಕೇಳಿದ:

"ಒಂದಾ ಸಾರ್, ಒಂದೂವರೆನಾ?"

೨. ಅಳಿಸುತ್ತಾ ಬಂದ ಹೆಸರು

ಅದೇ ಕೀಬೋರ್ಡನ್ನು ಆಯುಧಪೂಜೆಯ ದಿನ ಅಂಗಡಿಗೆ ಒಯ್ದಿದ್ದೆ. ಸ್ಪ್ಯಾನರು, ಸ್ಕ್ರೂಡ್ರೈವರುಗಳಿಗೆ ವಿಭೂತಿ ಹಚ್ಚುವಾಗ ಇಂಥ ಹಿರಿಯ ಜೀವವನ್ನು ಬಿಟ್ಟರೆ ಹೇಗೆ? ಕಂಪ್ಯೂಟರಿಗೆ ಜೋಡಿಸಿ, ಹೂವು ಹೊದಿಸಿ, ಊದುಬತ್ತಿ ಹಚ್ಚಿದೆ.

ಡಿ. ಹಿರೇಹಾಳ್ ಕಡೆಯ ರೈತನೊಬ್ಬ ಅರ್ಜಿ ಮಾಡಿಸಲು ಕಾದು ಕೂತಿದ್ದ. ಅವನ ವಿವರ ಆಗಲೇ ಟೈಪು ಮಾಡಿಟ್ಟಿದ್ದೆ. ಮೇಲೆ ಅವನ ಹೆಸರು, ಅದರ ಕೆಳಗೆ ಅಪ್ಪನ ಹೆಸರು, ಊರು, ಜಮೀನಿನ ವಿವರ. ಪೂಜೆ ಮುಗಿಸಿ ಪ್ರಿಂಟು ಕೊಡುತ್ತೇನೆ ಎಂದು ಹೇಳಿ ಕಾಯಿ ಒಡೆದು, ಹೋಳನ್ನು ಹೂವಿನ ರಾಶಿಯ ಮೇಲಿಟ್ಟು, ಕಣ್ಣು ಮುಚ್ಚಿ ಗಂಟೆ ಬಾರಿಸತೊಡಗಿದೆ.

ಹಿಂದಿನಿಂದ ಅವನ ಸ್ವರ ಬಂತು. "ಸಾಮಿ. ಜಮೀನು ಹೋತ್ರಿ."

ದೇವರಿಗೆ ಕಷ್ಟ ಹೇಳಿಕೊಳ್ಳುತ್ತಿದ್ದಾನೆ ಅಂದುಕೊಂಡು ಗಂಟೆ ಜೋರು ಮಾಡಿದೆ.

"ಊರೂ ಹೋತ್ರಿ." ಸ್ವಲ್ಪ ಹೊತ್ತು ಬಿಟ್ಟು, "ನಮ್ಮಪ್ಪನೂ ಹೋದ್ನಲ್ರಿ."

ಕಣ್ಣು ಬಿಟ್ಟೆ. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ, ಕೊನೆಯಿಂದ ಹಿಂದಕ್ಕೆ, ತಾವಾಗಿಯೇ ಅಳಿಸಿಹೋಗುತ್ತಿದ್ದವು. ಯಾರೂ ಮುಟ್ಟಿಲ್ಲ. ಊದುಬತ್ತಿಯ ಹೊಗೆ ನೆಟ್ಟಗೆ ಮೇಲೇಳುತ್ತಿದೆ. ಉಳಿದದ್ದು ಅವನ ಹೆಸರೊಂದೇ, ಅದಕ್ಕೂ ಬಾಲದಿಂದ ಕುತ್ತು ಹತ್ತಿತ್ತು. ಇಬ್ಬರೂ ನೋಡುತ್ತಿದ್ದಂತೆಯೇ ಆ ಹೆಸರೂ ಹೋಗಿ ಪರದೆ ಬೆಳ್ಳಗೆ ನಿಂತಿತು.

ಆಮೇಲೆ ಹೂವು ಸರಿಸಿ ನೋಡಿದರೆ, ಕಾಯಿಯ ಹೋಳು ಜಾರಿ ಅಳಿಸುವ ಕೀಯ ಮೇಲೆ ಕೂತಿತ್ತು. ಅಷ್ಟರಲ್ಲಿ ಆ ರೈತ ಗೋಡೆಗೆ ಆತುಕೊಂಡಿದ್ದ. ಎದೆಯ ಜೇಬಿಗೆ ಕೈ ಹಾಕಿ ಒಂದು ಕಾರ್ಡು ತೆಗೆದು ಪರದೆಯ ಕಡೆ ಹಿಡಿದ.

"ನಾ ಇನ್ನಾ ಇದೀನಂತ ದೇವ್ರಿಗೆ ಹೇಳ್ರಿ ಸಾಮಿ," ಅಂದ. "ಆಧಾರ್ ತಂದೀನ್ರಿ."

೩. ಮುಚ್ಚಿದ ಕೋಣೆ

ಈ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಅಂಗಡಿಯಲ್ಲಿ ಇಡುವುದು ಬೇಡವೆಂದು ವೈರು ಬಿಚ್ಚಿ ಅಲ್ಲೇ ಬಿಟ್ಟು, ಕೀಬೋರ್ಡನ್ನು ಮನೆಯ ಹಿಂದಿನ ಕೋಣೆಯಲ್ಲಿ ಉಳಿದವುಗಳ ಜೊತೆ ಇಟ್ಟೆ. ಯಾರೂ ಮುಟ್ಟಕೂಡದು, ಬೆರಳಿನ ಜಿಡ್ಡು ಕೀಗಳಿಗೆ ಆಗದು ಎಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿದೆ.

ಎಂಟು ದಿನ ಕಳೆಯಿತು. ಒಂದು ಮಧ್ಯಾಹ್ನ ಮನೆಯವಳು ಅಂಗಡಿಗೆ ಓಡಿಬಂದಳು. ಕೋಣೆಯ ಬಾಗಿಲು ಮುಚ್ಚಿದೆ, ಒಳಗೆ ಟಕ್ ಟಕ್ ಸದ್ದು. ಎರಡು ಸಲ ಹೊಡೆದು ನಿಲ್ಲುತ್ತದೆ, ಮತ್ತೆ ಎರಡು ಸಲ. ಅವಳು ಪಕ್ಕದ ಮನೆಯಾಕೆಯನ್ನು ಕರೆದುಕೊಂಡು ಬರುವಷ್ಟರಲ್ಲಿ ನಿಂತುಹೋಗಿತ್ತು. ಮನೆಯಲ್ಲಿದ್ದದ್ದು ನಮ್ಮ ಅವ್ವ ಒಬ್ಬಳೇ. ಅವಳಿಗೆ ಕಿವಿ ದೂರ, ಪಡಸಾಲೆಯ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದಳು.

ಮರುದಿನವೂ ಅದೇ ಹೊತ್ತಿಗೆ ಅದೇ ಸದ್ದು. ಮೂರನೆಯ ದಿನ ಸದ್ದು ನಿಂತ ಮೇಲೆ ಧೈರ್ಯ ಮಾಡಿ ಬಾಗಿಲು ತೆಗೆದು ನೋಡಿದರೆ, ಕೀಬೋರ್ಡಿನ ಮುಂದೆ ನೆಲದ ಮೇಲೆ ಶೇಂಗಾ ಬೀಜಗಳನ್ನು ಸಾಲಾಗಿ ಜೋಡಿಸಿತ್ತು. ದಿನದಿನಕ್ಕೆ ಸಾಲು ಬೆಳೆಯಿತು.

"ಸತ್ತ ಟೈಪಿಂಗ್ ಮೇಷ್ಟ್ರು ಪಾಠ ಹೇಳಾಕತ್ತಾರ," ಅಂದಳು ಮನೆಯವಳು. "ಎದುರಿಗೆ ಹುಡುಗ್ರು ಕೂತಾರಲ್ಲ, ಶೇಂಗಾ ಸಾಲು. ಅಮಾಸಿ ಒಳಗ ಇದು ಹೊರಗ ಹೋಗ್ಬೇಕ್ರಿ. ಇಲ್ಲಾಂದ್ರ ನಿಮ್ಮ ಅಷ್ಟೂ ಕೀಬೋರ್ಡು ಗುಜರಿಗೆ."

ನನ್ನ ಹದಿನಾಲ್ಕು ಕೀಬೋರ್ಡು, ಹತ್ತು ವರ್ಷದ ಹುಡುಕಾಟ. ಮಾರನೆಯ ದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದೆ. ಅಂಗಳದಲ್ಲಿ ಕಾಲಿಡುವಾಗಲೇ ಕೇಳಿಸಿತು. ಟಕ್ ಟಕ್. ಟಕ್ ಟಕ್. ಆಂಜನೇಯನನ್ನು ನೆನೆದು, ಮನೆಯವಳನ್ನು ಬಾಗಿಲ ಕಡೆ ಮುಂದೆ ಬಿಟ್ಟು, ನೀನು ತೆಗಿ, ನಾನು ಹಿಂದೆ ನಿಂತು ಸ್ತೋತ್ರ ಹೇಳುತ್ತೇನೆ ಅಂದೆ.

ಅವಳು ಚಿಲಕಕ್ಕೆ ಕೈ ಹಾಕದೆ ನನ್ನ ಕಡೆ ತಿರುಗಿದಳು. "ಮುಂದ ನಿಂತು ಹೇಳಿದ್ರೂ ಆಂಜನೇಯಗ ಕೇಳಿಸ್ತದ್ರಿ."

ಯಾರೂ ಬಾಗಿಲು ತೆಗೆಯಲಿಲ್ಲ.

೪. ಮಂತ್ರದವರು

ಅಮಾವಾಸ್ಯೆಗೆ ಎರಡು ದಿನವಿದೆ ಎನ್ನುವಾಗ ಮನೆಯವಳ ಅಣ್ಣ ಗಡಿಯ ಕಡೆಯಿಂದ ಮಂತ್ರದವರೊಬ್ಬರನ್ನು ಕರೆತಂದ. ಎತ್ತರದ ಆಳು, ಕೆಂಪು ಕಣ್ಣು, ಮಾತು ಕಡಿಮೆ. ಕೋಣೆಯ ಬಾಗಿಲು ತೆಗೆಸಿ ಕೀಬೋರ್ಡಿನ ಮುಂದೆ ಪದ್ಮಾಸನ ಹಾಕಿದರು. ನಿಂಬೆಹಣ್ಣು ಕೊಯ್ದರು. ಬೂದಿ ತೂರಿದರು. ಕೀಗಳ ಸಂದಿಗೆ ಬೂದಿ ಹೋಗುತ್ತದೆ ಎಂದು ನನ್ನ ಜೀವ ಹಿಂಡಿತು.

ಅವರು ಒಂದು ಬೆರಳು ಚಾಚಿ ಒಂದು ಕೀ ಒತ್ತಿದರು. ಟಕ್. ಮುಖದ ಬಣ್ಣ ಬದಲಾಯಿತು. ಇನ್ನೊಂದು ಒತ್ತಿದರು. ಆಮೇಲೆ ಕಣ್ಣು ಮುಚ್ಚಿ ಹತ್ತೂ ಬೆರಳು ಇಟ್ಟರು, ಮಳೆ ಬಿದ್ದ ಹಾಗೆ ಸದ್ದು ಸುರಿಯಿತು. ಮನೆಯವಳು ನನ್ನ ತೋಳು ಹಿಡಿದಳು. ಸತ್ತವರು ಮೈಮೇಲೆ ಬಂದರು ಅಂದುಕೊಂಡು ನಾವೆಲ್ಲ ಕೈಮುಗಿದೆವು.

"ಭಾಳ ಉಗ್ರ ಐತಿ," ಅಂದರು, ಬೆವರು ಒರೆಸಿಕೊಳ್ಳುತ್ತಾ. "ಇಲ್ಲಿ ಬಿಡಂಗಿಲ್ಲ. ನಾನೇ ಒಯ್ದು ನನ್ನ ಹತ್ರ ಕಟ್ಟಿಹಾಕ್ತೀನಿ. ದಕ್ಷಿಣೆ ಏನೂ ಬ್ಯಾಡ."

ಮನೆಯವಳು ಅವರ ಕಾಲಿಗೆ ಬಿದ್ದಳು. ಅವಳು ಬಗ್ಗಿದ್ದ ಹೊತ್ತಿಗೆ ಅವರು ಕೀಬೋರ್ಡನ್ನು ಮಗುಚಿ ಹಿಂಭಾಗ ನೋಡಿ, ನನ್ನ ಕಿವಿಯ ಹತ್ತಿರ ಬಂದರು.

"ಇದರ ವೈರ್ ಎಲ್ಲೈತ್ರಿ? ಒರಿಜಿನಲ್ಲಾ?"

೫. ಶೇಂಗಾದ ಲೆಕ್ಕ

ನಮ್ಮ ಹುಚ್ಚೇ ಇವರಿಗೂ ಎಂದು ನನಗೆ ಗೊತ್ತಾಯಿತು. ಆದರೆ ಹೇಳಿ ಫಲವಿಲ್ಲ. ದೆವ್ವ ಹೋಗುತ್ತದೆಂದು ಮನೆಯವಳ ಮುಖ ಎಷ್ಟೋ ದಿನದ ಮೇಲೆ ಅರಳಿತ್ತು. ಕೊಡದಿದ್ದರೆ ಹದಿನಾಲ್ಕೂ ಗುಜರಿ ಸೇರುತ್ತವೆ. ಭಗವಂತನ ಇಚ್ಛೆ ಅಂದುಕೊಂಡೆ. ಮಂತ್ರದವರು ಕೀಬೋರ್ಡನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಪಡಸಾಲೆಗೆ ಬಂದರು.

ಮಂಚದ ಮೇಲೆ ಮಲಗಿದ್ದ ಅವ್ವ ಎದ್ದು ಕೂತಳು. ಕೈ ಚಾಚಿ ಬಟ್ಟೆಯ ಚುಂಗು ಹಿಡಿದಳು. ಆ ಕೈ ನಡುಗುತ್ತಿತ್ತು. ಅದು ಹಾಗೆ ನಡುಗುವುದನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ.

"ಅದನ್ನ ಒಯ್ಯಬ್ಯಾಡಪ್ಪಾ," ಅಂದಳು. "ನನ್ನ ರಾಮಕೋಟಿ ಅದರಾಗ ಐತಿ."

ಕೇಳಿ ಕೇಳಿ ತಿಳಿದದ್ದು ಇಷ್ಟು. ಅವ್ವ ವರ್ಷಗಟ್ಟಲೆ ನೋಟುಬುಕ್ಕಿನಲ್ಲಿ ರಾಮ ರಾಮ ಎಂದು ಬರೆಯುತ್ತಿದ್ದಳು, ಕೋಟಿ ಮುಟ್ಟಿಸಿ ಕಣ್ಣು ಮುಚ್ಚಬೇಕೆಂದು. ಕೈ ನಡುಗಿ ಪೆನ್ನು ನಿಲ್ಲದಾದ ಮೇಲೆ ಯಾರಿಗೂ ಹೇಳದೆ ಬುಕ್ಕು ಎತ್ತಿಟ್ಟಿದ್ದಳು. ಈ ಕೀಬೋರ್ಡು ಮನೆಗೆ ಬಂದ ಮೇಲೆ ಎರಡು ಕೀ ಆರಿಸಿಕೊಂಡಳು, ಒಂದು ರಾ, ಒಂದು ಮ. ನೂರಕ್ಕೊಂದು ಶೇಂಗಾ. ನಾನು ಮುಟ್ಟಬೇಡ ಅಂದಿದ್ದಕ್ಕೆ ಹೆದರಿ, ಸೊಸೆ ಹೊರಗೆ ಓಡಿದ ಕೂಡಲೇ ಬಂದು ಮಲಗಿಬಿಡುತ್ತಿದ್ದಳು. ಉಳಿದ ಹದಿಮೂರನ್ನೂ ಒತ್ತಿ ನೋಡಿದ್ದಳಂತೆ. ಇದೊಂದರ ಸದ್ದು ಮಾತ್ರ ಅವಳ ಕಿವಿಗೆ ಮುಟ್ಟಿತಂತೆ.

ಮಂತ್ರದವರು ಕೀಬೋರ್ಡನ್ನು ಮಂಚದ ಮೇಲಿಟ್ಟರು. ಮನೆಯವಳು ಸೆರಗಿನಿಂದ ಬೂದಿ ಒರೆಸಿದಳು. ಅದು ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ಎಲ್ಲರಿಗೂ ತಿಳಿಯಿತು.

ನಾನೊಬ್ಬ ರಿಪೇರಿಯವನು, ಸುಮ್ಮನಿರಲಾರದೆ ಹೋದೆ. ಅವ್ವನ ಕಿವಿಯ ಹತ್ತಿರ ಬಗ್ಗಿ, ವೈರು ಅಂಗಡಿಯಲ್ಲಿದೆ, ಇದು ಯಾವುದಕ್ಕೂ ಜೋಡಿಸಿಲ್ಲ, ನೀನು ಒತ್ತಿದ್ದು ಒಂದು ಅಕ್ಷರವೂ ಎಲ್ಲಿಗೂ ಹೋಗಿ ಮುಟ್ಟಿಲ್ಲ ಎಂದು ನಿಧಾನವಾಗಿ ತಿಳಿಸಿ ಹೇಳಿದೆ.

ಅವ್ವ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು, ಅಯ್ಯೋ ಪಾಪ ಅನ್ನುವ ಹಾಗೆ.

"ದಿನಾ ಎರಡೊತ್ತು ಕಣ್ಣು ಮುಚ್ಕೊಂಡು ಕೂಡ್ತಿಯಲ್ಲಪ್ಪಾ," ಅಂದಳು. "ನಿನಗ ಯಾವ ವೈರ್ ಐತಿ?"